ಮನೆಗೆ ಮಗು ಬರುವ ಮೊದಲು ನಾಯಿಯನ್ನು ಅಣಿಗೊಳಿಸುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ನಾಯಿಯಿಲ್ಲದ ಅಂಗಳ ಅಪರೂಪ. ತೋಟಕ್ಕೆ ನುಗ್ಗುವ ಹಂದಿ, ಮಂಗಗಳನ್ನು ಓಡಿಸಲೆಂದು ಸಾಕಿದ ನಾಯಿಗೆ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಅನ್ನ ಯಾವಾಗ ಸಿಗುತ್ತದೆ, ಚಾವಡಿಯ ಯಾವ ಮೂಲೆಯಲ್ಲಿ ಮಲಗಬಹುದು ಎಂಬುದೆಲ್ಲ ತಿಳಿದಿರುತ್ತದೆ. ಮಗು ಬಂದ ದಿನ ಈ ಕ್ರಮವೆಲ್ಲ ಒಮ್ಮೆಲೇ ತಲೆಕೆಳಗಾಗುತ್ತದೆ. ಹಲವು ಮನೆಗಳಲ್ಲಿ ಅದೇ ದಿನ ನಾಯಿಯನ್ನು ಸರಪಳಿಯಲ್ಲಿ ಬಿಗಿದು ಹಿತ್ತಿಲಿಗೆ ಸಾಗಿಸುವುದೂ ಉಂಟು. ಹೀಗೆ ಮಾಡಿದಾಗ ಹೊಸ ವಾಸನೆ, ಹೊಸ ಅಳು ಮತ್ತು ತನಗೆ ಬಂದ ಬಂಧನ ಮೂರೂ ನಾಯಿಯ ಪಾಲಿಗೆ ಒಂದೇ ಗಂಟಾಗಿಬಿಡುತ್ತವೆ. ಬದಲಾವಣೆಗಳನ್ನು ತಿಂಗಳುಗಳ ಮೊದಲೇ, ಒಂದೊಂದಾಗಿ ತಂದರೆ ಅದು ಮಗುವಿನೊಡನೆ ಅವುಗಳನ್ನು ಜೋಡಿಸುವುದಿಲ್ಲ. ಮುಂದೆ ಹೇಳಿರುವ ಎಲ್ಲ ಸಿದ್ಧತೆಗೂ ಆಧಾರ ಇದೇ.

ಮೊದಲು ನಿರ್ಧರಿಸಬೇಕಾದುದು ಯಾವ ಮನೆಯ ನಾಯಿ ಎಂಬುದನ್ನು. ನಮ್ಮಲ್ಲಿ ಚೊಚ್ಚಲ ಹೆರಿಗೆ ಸಾಮಾನ್ಯವಾಗಿ ತವರುಮನೆಯಲ್ಲಿ. ಅಲ್ಲಿನ ನಾಯಿ ಆಸ್ಪತ್ರೆಯಿಂದ ಬಂದ ಎಳೆಗೂಸನ್ನೇ ನೋಡುತ್ತದೆ, ಮಗಳು ಮದುವೆಯಾಗಿ ಹೋದ ಮೇಲೆ ತಂದ ನಾಯಿಯಾದರೆ ಅದಕ್ಕೆ ತಾಯಿಯ ಪರಿಚಯವೂ ಕಡಿಮೆ. ಗಂಡನ ಮನೆಯ ನಾಯಿಯಾದರೋ ತಿಂಗಳುಗಟ್ಟಲೆ ಮನೆಯೊಡತಿಯನ್ನು ಕಾಣದೆ, ಕೊನೆಗೆ ಅವಳ ತೋಳಿನಲ್ಲಿ ಕೈಕಾಲು ಬಡಿಯುವ ಮಗುವನ್ನು ಕಾಣುತ್ತದೆ. ಆದ್ದರಿಂದ ಎರಡೂ ಮನೆಯವರು ಸಿದ್ಧತೆ ಮಾಡಬೇಕು. ತವರಿಗೆ ಹೊರಡುವ ಮುನ್ನವೇ ಊಟ ಹಾಕುವ, ಅಡ್ಡಾಡಿಸುವ ಕೆಲಸವನ್ನು ಗಂಡನೋ ಅತ್ತೆಯೋ ವಹಿಸಿಕೊಳ್ಳುವುದು ಒಳ್ಳೆಯದು.

ಮೃಗಾಸ್ಪತ್ರೆಯ ಕೆಲಸ

ಗರ್ಭಿಣಿಗೆ ನಾಲ್ಕೈದು ತಿಂಗಳಾಗುವಾಗಲೇ ನಾಯಿಯನ್ನು ಮೃಗಾಸ್ಪತ್ರೆಗೆ ಕರೆದೊಯ್ಯಬೇಕು. ರೇಬಿಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಕೊಟ್ಟು, ಆಮೇಲೆ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ ಪುನರಾವರ್ತಿಸುವುದು ರೂಢಿ. ಕೇರಳದಲ್ಲಿ ಸಾಕುನಾಯಿಗೆ ಪಂಚಾಯತಿನ ಲೈಸೆನ್ಸ್ ಬೇಕಾಗುತ್ತದೆ, ಅದಕ್ಕೂ ಈ ಲಸಿಕೆಯ ಪ್ರಮಾಣಪತ್ರವೇ ಆಧಾರ. ಮಳೆಗಾಲದಲ್ಲಿ ಕೆಸರಿನ ತೋಟದಲ್ಲಿ ಓಡಾಡುವ ನಾಯಿಗೆ ಇಲಿಜ್ವರದ ವಿರುದ್ಧದ ಲಸಿಕೆಯೂ ಅಗತ್ಯ. ಸೋಂಕು ತಗುಲಿದ ನಾಯಿಯ ಮೂತ್ರದಿಂದ ಇಲಿಜ್ವರ ಮನುಷ್ಯರಿಗೂ ಹರಡಬಲ್ಲುದು. ಇನ್ನು ಜಂತುಹುಳದ ಮದ್ದು. ನಾಯಿಯ ಮಲದಲ್ಲಿರುವ ದುಂಡುಹುಳದ ಮೊಟ್ಟೆಗಳು ಕೆಲವು ವಾರ ಮಣ್ಣಿನಲ್ಲಿದ್ದು ಬಲಿತ ಮೇಲೆ ರೋಗ ತರುತ್ತವೆ. ಅಂಬೆಗಾಲಿಡುವ ಮಗು ಅಂಗಳದ ಮಣ್ಣು ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆ. ಮೂರು ತಿಂಗಳಿಗೊಮ್ಮೆ ಮದ್ದು ಹಾಕಿ, ಮಲವನ್ನು ದಿನವೂ ತೆಗೆದು ದೂರದಲ್ಲಿ ಹೂಳಿದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. ಉಣ್ಣಿಗೂ ಆಗಲೇ ಔಷಧಿ ಮಾಡಿಸಿಕೊಳ್ಳಿ.

ಜಾಗ, ಮಾತು, ಸದ್ದು

ಬಾಣಂತಿ ಕೋಣೆಗೆ ನಾಯಿ ಬರಬಾರದೆಂದಿದ್ದರೆ ಆ ನಿಯಮ ಹೆರಿಗೆಗೆ ಎರಡು ಮೂರು ತಿಂಗಳ ಮೊದಲೇ ಜಾರಿಗೆ ಬರಲಿ. ಬಾಗಿಲಿಗೆ ಸೊಂಟದೆತ್ತರದ ಅಡ್ಡಗೇಟು ಹಾಕಿದರೆ ನಾಯಿಗೆ ಒಳಗಿನವರು ಕಾಣುತ್ತಾರೆ, ತನ್ನನ್ನು ಹೊರಗೆ ತಳ್ಳಿದರೆಂಬ ಕಳವಳ ಹುಟ್ಟುವುದಿಲ್ಲ. ಬಚ್ಚಲಿನ ಒಲೆಯ ಬೂದಿಯ ಪಕ್ಕದಲ್ಲಿ ಬೆಚ್ಚಗೆ ಮಲಗುವುದು ಅನೇಕ ನಾಯಿಗಳ ಅಭ್ಯಾಸ. ಬಾಣಂತಿಗೂ ಮಗುವಿಗೂ ಎಣ್ಣೆ ತಿಕ್ಕಿ ನೀರು ಹಾಕುವಾಗ ಅಲ್ಲಿ ಕುದಿಯುವ ಹಂಡೆ, ಜಾರುವ ನೆಲ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡ ಅಜ್ಜಿ ಎಲ್ಲ ಒಟ್ಟಿಗೇ ಇರುವುದರಿಂದ, ಆ ಮಲಗುವ ತಾಣವನ್ನು ಬದಲಿಸಲೇಬೇಕು. ಬದಲಿಗೆ ಜಗಲಿಯಲ್ಲೋ ಕೊಟ್ಟಿಗೆಯಲ್ಲೋ ಅದರದೇ ಗೋಣಿಚೀಲ ಹಾಸಿ, ಊಟವನ್ನೂ ಅಲ್ಲಿಯೇ ಕೊಡುತ್ತಾ ಬನ್ನಿ. ಮುಂದೆ ಆ ಜಾಗಕ್ಕೆ ಮಗುವಾಗಲಿ, ಮನೆಗೆ ಬಂದ ನೆಂಟರ ಮಕ್ಕಳಾಗಲಿ ಹೋಗಕೂಡದು.

‘ಕುಳಿತುಕೋ’, ‘ಅಲ್ಲೇ ಇರು’, ‘ಬಿಡು’ ಎಂಬ ಮೂರು ಮಾತುಗಳನ್ನು ಕಲಿಸಿದರೆ ಸಾಕು. ಆದರೆ ಮನೆಯವರೆಲ್ಲ ಒಂದೇ ಮಾತನ್ನು ಬಳಸಬೇಕು. ಒಬ್ಬರು ಕನ್ನಡದಲ್ಲಿ, ಒಬ್ಬರು ತುಳುವಿನಲ್ಲಿ, ಕೆಲಸದವರು ಮಲಯಾಳದಲ್ಲಿ ಹೇಳಿದರೆ ನಾಯಿಗೆ ಗೊಂದಲ. ಹೇಳಿದಂತೆ ಮಾಡಿದಾಗ ಬೇಯಿಸಿದ ಮೊಟ್ಟೆಯದೋ ದೋಸೆಯದೋ ಚೂರು ಕೊಡಿ. ಹೊಡೆದು ಕಲಿಸಿದ ನಾಯಿ ಹೆದರುತ್ತದೆ, ಹೆದರಿದ ನಾಯಿ ಮಗುವಿನ ಹತ್ತಿರ ಇರಬಾರದು.

ಮಗುವಿನ ಅಳುವಿನ ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ಅತಿ ಸಣ್ಣ ಸದ್ದಿನಲ್ಲಿ, ನಾಯಿ ಊಟ ಮಾಡುತ್ತಿರುವಾಗ ಕೇಳಿಸಿ. ಅದು ಕಿವಿ ನಿಮಿರಿಸಿ ಮತ್ತೆ ಊಟಕ್ಕೆ ತೊಡಗಿದರೆ ಕೆಲವು ದಿನಗಳ ನಂತರ ಸದ್ದನ್ನು ತುಸು ಏರಿಸಬಹುದು. ಊಟ ಬಿಟ್ಟು ಗಾಬರಿಯಿಂದ ಅತ್ತಿತ್ತ ತಿರುಗಿದರೆ ಹಿಂದಿನ ಮಟ್ಟಕ್ಕೆ ಇಳಿಸಿ. ಖಾಲಿ ತೊಟ್ಟಿಲನ್ನು ಮೊದಲೇ ಕಟ್ಟಿ ಆಗಾಗ ತೂಗಿ ತೋರಿಸುವುದೂ ಅಷ್ಟೇ ಮುಖ್ಯ, ಏಕೆಂದರೆ ಅಲುಗಾಡುವ ವಸ್ತುವಿನ ಹಿಂದೆ ಹಾರುವುದು ನಾಯಿಯ ಸಹಜ ಗುಣ.

ಮೊದಲ ಭೇಟಿ

ತಾಯಿ, ಮಗು ಆಸ್ಪತ್ರೆಯಲ್ಲಿರುವಾಗಲೇ ಮಗುವನ್ನು ಸುತ್ತಿದ ಒಂದು ಬಟ್ಟೆಯನ್ನು ಮನೆಗೆ ತಂದು, ಕೈಯಲ್ಲೇ ಹಿಡಿದುಕೊಂಡು ನಾಯಿಗೆ ಮೂಸಲು ಬಿಡಿ. ಕಚ್ಚಿ ಎಳೆಯಲು ಕೊಡಬಾರದು. ಮನೆಗೆ ಬರುವ ದಿನ ಬೆಳಗ್ಗೆಯೇ ನಾಯಿಯನ್ನು ಚೆನ್ನಾಗಿ ಓಡಾಡಿಸಿ ದಣಿಸಿರಬೇಕು. ನಾಯಿ ತಾಯಿಯನ್ನು ಮೊದಲೇ ಬಲ್ಲುದಾದರೆ, ಮಗುವನ್ನು ಬೇರೊಬ್ಬರ ಕೈಗೆ ಕೊಟ್ಟು ಅವಳು ಒಬ್ಬಳೇ ಒಳಬಂದು ಮಾತನಾಡಿಸಲಿ. ಅದರ ಕುಣಿದಾಟ ತಣಿದ ಮೇಲೆ ಮಗು ಬರಲಿ. ಬೆಲ್ಟು ಹಾಕಿದ ನಾಯಿಯನ್ನು ಒಬ್ಬರು ಸಡಿಲವಾಗಿ ಹಿಡಿದುಕೊಂಡು ನಾಲ್ಕಾರು ಅಡಿ ದೂರದಲ್ಲಿ ಕೂರಿಸಬೇಕು. ಶಾಂತವಾಗಿದ್ದರೆ ಬಟ್ಟೆಯಲ್ಲಿ ಸುತ್ತಿದ ಪಾದವನ್ನು ಒಂದೆರಡು ಕ್ಷಣ ಮೂಸಬಹುದು, ಮುಖದ ಹತ್ತಿರ ಮಾತ್ರ ಬೇಡ. ಅದು ಹಿಂದೆ ಸರಿದರೆ ಹತ್ತಿರ ಎಳೆದು ತರಬೇಡಿ. ನಾಮಕರಣದ ದಿನ ನೆಂಟರ ಗದ್ದಲವಿರುವುದರಿಂದ ಪರಿಚಿತ ನೆರೆಮನೆಯವರಲ್ಲಿ ಬಿಟ್ಟುಬರುವುದೇ ಲೇಸು.

ಮಗು ನಿದ್ದೆಯಲ್ಲಿರುವಾಗ ಮಾತ್ರ ನಾಯಿಯನ್ನು ಮುದ್ದಿಸಿ, ಮಗು ಎದ್ದೊಡನೆ ಗದರಿ ಓಡಿಸುವ ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ. ಮಗು ಎಚ್ಚರವಿದ್ದು ತಾಯಿಯ ಮಡಿಲಲ್ಲಿರುವಾಗ ಇನ್ನೊಬ್ಬರು ನಾಯಿಗೆ ತಿಂಡಿ ಕೊಡಲಿ, ಹೆಸರು ಹಿಡಿದು ಕರೆಯಲಿ. ಮಗುವಿನ ಮಲದ ವಾಸನೆ ನಾಯಿಯನ್ನು ಸೆಳೆಯುವುದರಿಂದ ಹೊಲಸಾದ ಬಟ್ಟೆಗೆ, ಡೈಪರಿಗೆ ಗಟ್ಟಿ ಮುಚ್ಚಳದ ಬಕೆಟ್ಟು ಇಡಿ.

ಎಷ್ಟೇ ಸಾಧುವಾದ ನಾಯಿಯಿರಲಿ, ಹತ್ತು ವರ್ಷ ಯಾರನ್ನೂ ಕಚ್ಚದೆ ಬೆಳೆದದ್ದಿರಲಿ, ಮಗುವಿನೊಡನೆ ಅದನ್ನು ಒಂಟಿಯಾಗಿ ಒಂದು ನಿಮಿಷವೂ ಬಿಡಬೇಡಿ. ಈ ಮಾತನ್ನು ಮನೆಯ ಹಿರಿಯರಿಗೂ ಒತ್ತಿ ಹೇಳಿ. ನಿದ್ದೆಯಿಲ್ಲದೆಯೂ ಆಕಳಿಸುವುದು, ಪದೇ ಪದೇ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಮೈ ಸೆಟೆದು ನಿಲ್ಲುವುದು ಇವೆಲ್ಲ ನಾಯಿಗೆ ಕಸಿವಿಸಿಯಾಗಿದೆ ಎಂಬುದರ ಗುರುತುಗಳು. ಗುರುಗುಟ್ಟಿದರೆ ಹೊಡೆಯಬೇಡಿ, ಇಬ್ಬರನ್ನೂ ದೂರ ಮಾಡಿ. ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ.

ಮಗುವಿಗೆ ಹಲ್ಲಿನ ಅಥವಾ ಉಗುರಿನ ಗೀರು ತಗುಲಿದರೆ, ಗೀರು ಎಷ್ಟೇ ಸಣ್ಣದಿರಲಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ. ಅರಸಿನ, ಸುಣ್ಣ, ಮೆಣಸಿನ ಪುಡಿ ಹಚ್ಚಬಾರದು. ನಾಯಿಗೆ ಲಸಿಕೆ ಆಗಿದೆಯೆಂದು ಮನೆಯಲ್ಲೇ ಸುಮ್ಮನಿರಬಾರದು. ಮಗುವಿಗೆ ಚುಚ್ಚುಮದ್ದು ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸಲಿ.

ಈ ಹಿಂದೆಯೇ ಮನುಷ್ಯರನ್ನು ಕಚ್ಚಿದ, ಅನ್ನದ ತಟ್ಟೆಯ ಹತ್ತಿರ ಬಂದವರ ಮೇಲೆ ಎರಗುವ ನಾಯಿಯಾದರೆ ಮೇಲಿನ ಅಭ್ಯಾಸಗಳನ್ನು ಮನೆಯವರೇ ಮಾಡಿಸಲು ಹೊರಡಬಾರದು. ಪಶುವೈದ್ಯರನ್ನು ಕಂಡು ಅವರ ಸಲಹೆ ಪಡೆಯಿರಿ. ಮಗು ಇರುವಷ್ಟು ದಿನ ನಾಯಿಯನ್ನು ತೋಟದ ಆಚೆಗಿರುವ ಬಂಧುಗಳ ಮನೆಯಲ್ಲಿ ಬಿಡಲು ಸಾಧ್ಯವೇ ಎಂಬುದನ್ನು ಹೆರಿಗೆಗೆ ಮೊದಲೇ ವಿಚಾರಿಸಿಟ್ಟುಕೊಳ್ಳಿ.