ಕಾರಿಗೆ ಹೊಸ ಕಾರ್ಪೆಟ್: ಮೊದಲು ಬಿಸಿ, ಆಮೇಲೆ ಕತ್ತರಿ

ಪೆಟ್ಟಿಗೆಯಲ್ಲಿ ಮಡಚಿ ಬಂದ ಹೊಸ ಕಾರ್ಪೆಟ್ ಬಿಚ್ಚಿದ ಕೂಡಲೇ ನಿರಾಸೆ ಹುಟ್ಟಿಸುತ್ತದೆ. ಉಬ್ಬಿರಬೇಕಾದಲ್ಲಿ ತಗ್ಗು, ಮಟ್ಟವಾಗಿರಬೇಕಾದಲ್ಲಿ ಮಡಿಕೆ. ಅಳತೆಯೇ ತಪ್ಪಿದೆ ಎಂದುಕೊಂಡು ಕತ್ತರಿ ಹುಡುಕಬೇಡಿ. ಕಾರ್ಖಾನೆಯಲ್ಲಿ ಅದಕ್ಕೆ ಆಕಾರ ಬಂದದ್ದು ಬಿಸಿಯಿಂದ. ಕೆಟ್ಟ ಆಕಾರ ಸರಿಹೋಗುವುದೂ ಬಿಸಿಯಿಂದಲೇ.

ಬೆಳಗ್ಗೆಯೇ ಅದನ್ನು ಬಿಸಿಲಿಗೆ ಹರಡಿ. ಸಣ್ಣ ಮಡಿಕೆಗಳು ತಾವಾಗಿಯೇ ಇಳಿಯುತ್ತವೆ. ಅಷ್ಟರಲ್ಲಿ ಸೀಟುಗಳನ್ನು ಬಿಚ್ಚಬಹುದು. ಸೀಟಿನ ಅಡಿಯಲ್ಲಿ ಹಳದಿ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗಿಗೆ ಸೇರಿದ್ದೆಂದೇ ತಿಳಿಯಿರಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯದೆ ಅದನ್ನು ಮುಟ್ಟಬಾರದು. ನಂತರ ಬಾಗಿಲಂಚಿನ ಪಟ್ಟಿಗಳು, ಗೇರಿನ ಸುತ್ತಲಿನ ಕವಚ, ಸೀಟ್ ಬೆಲ್ಟಿನ ಕೆಳಬೋಲ್ಟ್‌ಗಳು.

ಹಳೆಯ ಕಾರ್ಪೆಟ್ಟನ್ನು ಹರಿಯದೆ ತೆಗೆಯಿರಿ. ಅದಕ್ಕಿಂತ ಒಳ್ಳೆಯ ಅಳತೆಪಟ್ಟಿ ಸಿಗುವುದಿಲ್ಲ. ನೆಲದಲ್ಲಿ ಪಸೆ, ತುಕ್ಕು ಇದ್ದರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಒದ್ದೆ ತಗಡಿನ ಮೇಲೆ ಹೊಸ ಕಾರ್ಪೆಟ್ ಹಾಸುವುದು ಶುದ್ಧ ದಂಡ.

ಬಿಸಿಲಿಗೂ ಬಗ್ಗದ ಮಡಿಕೆಗಳಿಗೆ ಬಿಸಿಗಾಳಿ ಊದುವ ಹೀಟ್ ಗನ್ ಬೇಕು. ಕಾರ್ಪೆಟ್ಟಿನ ಬೆನ್ನಿಗೆ ಬಿಸಿ ತಾಗಿಸಿ, ನೂಲಿನ ಕಡೆಗಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ನೂಲು ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಗನ್ನಿನಿಂದ ಬರುವ ಗಾಳಿ 500 ಡಿಗ್ರಿ ದಾಟಬಲ್ಲದು. ಕೈ ಒಂದೆಡೆ ನಿಲ್ಲದೆ ಆಡುತ್ತಲೇ ಇರಲಿ. ನೂಲಿನ ತುದಿ ಗಾಜಿನಂತೆ ಮಿನುಗಿತೆಂದರೆ ಕರಗಿತೆಂದೇ ಅರ್ಥ, ಅದಕ್ಕೆ ಮದ್ದಿಲ್ಲ. ಬೆನ್ನು ಮೆದುವಾದ ಕೂಡಲೇ ದಪ್ಪ ಕೈಗವಸು ತೊಟ್ಟು ಒತ್ತಿ, ಪೂರ್ತಿ ತಣಿಯುವವರೆಗೆ ಹಾಗೆಯೇ ಹಿಡಿಯಿರಿ. ಹೆಚ್ಚಿನವರು ಸೋಲುವುದು ಇಲ್ಲಿಯೇ: ಬಿಸಿಯಿರುವಾಗಲೇ ಕೈ ತೆಗೆದರೆ ಮಡಿಕೆ ಮತ್ತೆ ಏಳುತ್ತದೆ.

ಹಾಸುವಾಗ ಕಾರಿನ ನಡುವಿನ ಉದ್ದುಬ್ಬಿನಿಂದ ಆರಂಭಿಸಿ. ಅದು ಸರಿಯಾಗಿ ಕೂತ ಮೇಲೆ ಎರಡೂ ಬಾಗಿಲುಗಳತ್ತ ಅಂಗೈಯಿಂದ ಒತ್ತುತ್ತ ಬನ್ನಿ. ಎಳೆದು ಕೂರಿಸಬೇಡಿ.

ಬೋಲ್ಟಿನ ತೂತುಗಳನ್ನು ಮೇಲಿನಿಂದ ದಬ್ಬಣ ಚುಚ್ಚಿ ಹುಡುಕಿ, ಸಿಕ್ಕಲ್ಲಿ ಗುಣಾಕಾರದ ಚಿಹ್ನೆಯಂತೆ ಪುಟ್ಟದಾಗಿ ಸೀಳಿ. ಡ್ರಿಲ್ ಮಾತ್ರ ಬೇಡವೇ ಬೇಡ. ಅದರ ತುದಿಗೆ ಒಂದು ಎಳೆ ಸುತ್ತಿಕೊಂಡರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಉದ್ದನೆಯ ಬೋಳುಗೆರೆ ಮೂಡಿರುತ್ತದೆ.

ಅಂಚು ಕತ್ತರಿಸುವುದು ಕಡೆಯ ಕೆಲಸ. ಪಟ್ಟಿಯ ಅಡಿಗೆ ಹೋಗುವಷ್ಟು ಅಂಚು ಉಳಿಯಲೇಬೇಕು. ಸೀಟು, ಬೆಲ್ಟುಗಳ ಬೋಲ್ಟನ್ನು ಕೈಪಿಡಿಯಲ್ಲಿರುವ ಅಳತೆಗೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಿಂದಲೇ ಬಿಗಿಯಿರಿ. ಅಂದಾಜು ಇಲ್ಲಿ ನಡೆಯದು. ಕನೆಕ್ಟರ್‌ಗಳೆಲ್ಲ ಸೇರಿದ ನಂತರವೇ ಬ್ಯಾಟರಿ. ಎಂಜಿನ್ ಚಾಲೂ ಮಾಡುವ ಮುನ್ನ ಆಕ್ಸಿಲರೇಟರನ್ನು ಪೂರ್ತಿ ತುಳಿದು ಬಿಡಿ. ಪೆಡಲ್ ಕಾರ್ಪೆಟ್ಟಿಗೆ ತುಸು ತಡೆದರೂ ಗಾಡಿ ಕದಲಿಸಬೇಡಿ. ಅಲ್ಲಿ ಮತ್ತೆ ಬಿಸಿ ಕೊಟ್ಟು ಒತ್ತಿ.