ಬಚ್ಚಲ ಪಕ್ಕದ ಗೋಡೆಗೆ ಬಣ್ಣ

ವಿಜಯಪುರದ ನಮ್ಮ ಮನೆಯ ಪಡಸಾಲೆಗೆ ನಾನೇ ಬಣ್ಣ ಹಚ್ಚಿದೆ. ಮೂರು ಗೋಡೆ ಸುಲಭ. ಬಚ್ಚಲಿಗೆ ಹತ್ತಿಕೊಂಡ ನಾಲ್ಕನೆಯದೇ ತಕರಾರಿನದು. ಮೊಣಕಾಲೆತ್ತರದವರೆಗೆ ಬಣ್ಣ ಉಬ್ಬಿತ್ತು, ಕೈ ಸವರಿದರೆ ಬಿಳಿ ಪುಡಿ.

ಅದು ಉಪ್ಪು. ಗೋಡೆಯೊಳಗೆ ಸೇರಿದ ನೀರು ಇಟ್ಟಂಗಿ, ಸಿಮೆಂಟಿನಲ್ಲಿರೋ ಉಪ್ಪನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಅದರ ಮೇಲೆ ಗೋಡೆ ನುಣುಪಾಗಿಸೋ ಎಂಥ ಪುಟ್ಟಿ ಎಳೆದರೂ ಹಪ್ಪಳದಂಗೆ ಕಳಚುತ್ತದೆ. ಅದಕ್ಕೇ ಮೊದಲು ಪ್ಲಂಬರ್ ಕರೆಸಿ ಪೈಪಿನ ಸೋರಿಕೆ ನಿಲ್ಲಿಸಿದೆ, ಟೈಲ್ಸ್ ಸಂದು ತುಂಬಿಸಿದೆ. ಸಡಿಲಾದ ಗಿಲಾವನ್ನು (ಪ್ಲಾಸ್ಟರ್) ಗೌಂಡಿ ಕೆಡವಿ ಹೊಸದಾಗಿ ಮಾಡಿಕೊಟ್ಟ. ಹೊಸ ಗಿಲಾವಿಗೆ ಕನಿಷ್ಠ 28 ದಿನ ಬಿಡಬೇಕು. ನಾನು ಫೆಬ್ರುವರಿಯಿಂದ ಮೇವರೆಗೂ ಬಿಟ್ಟೆ.

ಆ ಹೊತ್ತಿನಲ್ಲೂ ಉಪ್ಪು ಬರುತ್ತಲೇ ಇತ್ತು. ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. “ಮಂದಿ ಬಂದ್ರ ಏನಂದಾರು, ಸೋಫಾನಾದ್ರೂ ಅಡ್ಡ ಇಡೋ” ಅಂತ ಅವ್ವ. ಗಾಳಿ ಆಡದಿದ್ದರೆ ಗೋಡೆ ಒಣಗುವುದು ಹೇಗೆ! ಕೊನೆಗೆ ಒಣಗಿದೆಯೋ ಇಲ್ಲವೋ ನೋಡಲು ಗೋಡೆಗೆ ಪ್ಲಾಸ್ಟಿಕ್ ಹಾಳೆ ಹಿಡಿದು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಒಳಗಡೆ ಬೆವರಿರಲಿಲ್ಲ. ಇನ್ನು ಶುರು ಮಾಡಬಹುದು.

ತಮಾಷೆ ಅಂದ್ರೆ, ಇಷ್ಟು ದಿನ ಒಣಗಿಸಿದ ಗೋಡೆಗೆ ಪುಟ್ಟಿಗೆ ಮುಂಚೆ ತುಸು ನೀರು ಚಿಮುಕಿಸಬೇಕು. ನಮ್ಮ ಬಿಸಿಲಿಗೆ ಬಿರುಸಾದ ಗೋಡೆ ವೈಟ್ ಸಿಮೆಂಟ್ ಪುಟ್ಟಿಯ ನೀರನ್ನೆಲ್ಲ ಹೀರಿಬಿಡುತ್ತದೆ, ಪುಟ್ಟಿ ಗಟ್ಟಿಯಾಗದೆ ಪುಡಿಯಾಗುತ್ತದೆ. ತೆಳ್ಳಗೆ ಎರಡು ಕೈ ಸಾಕು, ಎರಡೂ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ಒಣಗಿದ ಮೇಲೆ ಬಲ್ಬನ್ನು ಗೋಡೆಗೆ ಓರೆಯಾಗಿ ಹಿಡಿದು, ಉಬ್ಬುತಗ್ಗು ನೋಡಿಕೊಂಡು 220 ನಂಬರ್ ಉಜ್ಜುಕಾಗದದಿಂದ ತಿಕ್ಕಿದೆ. ಧೂಳು ಒರೆಸಿ, ಬಣ್ಣ ಹಿಡಿಯಲೆಂದು ಪ್ರೈಮರ್, ಆಮೇಲೆ ಎರಡು ಕೋಟ್ ಎಮಲ್ಶನ್ ಬಣ್ಣ.

ಮೇ ತಿಂಗಳ ಬಿಸಿಲಲ್ಲಿ ಬಣ್ಣ ಬಹಳ ಬೇಗ ಆರುತ್ತದೆ, ರೋಲರಿನ ಪಟ್ಟೆ ಕಾಣುತ್ತದೆ. ಫ್ಯಾನ್ ಬಂದ್ ಮಾಡಿ, ಬೆಳಿಗ್ಗೆಯೇ ಕೆಲಸ ಮಾಡಿದೆ. ಒಂದು ಗೋಡೆ ಹಿಡಿದರೆ ಮೂಲೆ ಮುಟ್ಟುವವರೆಗೆ ಕೈ ಬಿಡಬಾರದು. ಚಹಾ ಆಮೇಲೆ.

ಕಿಟಕಿ ಮೂಲೆಯ ಓರೆ ಬಿರುಕನ್ನು ಅಗಲಿಸಿ, ಫಿಲ್ಲರ್ ತುಂಬಿ, ಮೇಲೆ ಜಾಳಿಗೆ ಟೇಪ್ ಹಚ್ಚಿದ್ದೇನೆ. ಆದರೂ ಅದರ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ನಮ್ಮದು ಎರೆಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಪಾಯವೂ ಜೊತೆಗೆ ಅಲುಗುತ್ತದೆ. ಅರ್ಧ ಲೀಟರ್ ಬಣ್ಣವನ್ನು ಮುಚ್ಚಳ ಬಿಗಿ ಮಾಡಿ ಎತ್ತಿಟ್ಟಿದ್ದೇನೆ.