ತಾಂಬೂಲದ ಚೀಲದಲ್ಲಿ ನಮ್ಮ ಸಿನಿಮಾ

"ಡಿವಿಡಿಯನ್ನು ಈಗ ಗದ್ದೆಯಲ್ಲಿ ಹಕ್ಕಿ ಬೆದರಿಸುವುದಕ್ಕೆ ಕಟ್ಟುತ್ತಾರೆ. ದುಡ್ಡು ಕೊಟ್ಟು ಕೊಳ್ಳುವವರು ಯಾರಿದ್ದಾರೆ ಸ್ವಾಮಿ?" ನಮ್ಮ ಚಿತ್ರವನ್ನು ನಾನೇ ಡಿವಿಡಿ ಮಾಡಿ ಮಾರುತ್ತೇನೆ ಎಂದಾಗ, ಅದನ್ನು ಮೈಸೂರು ಭಾಗಕ್ಕೆ ಹಂಚಿದವರು ಹೀಗೆ ಕೇಳಿದ್ದರು. ಚಿತ್ರ ಒಂಬತ್ತು ದಿನ ಓಡಿ ಇಳಿದಿತ್ತು. ಒಬ್ಬ ಮಧ್ಯವರ್ತಿ ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ ಬರೆದುಕೊಟ್ಟರೆ ನಲವತ್ತು ಸಾವಿರ ಕೊಡುವುದಾಗಿ ಹೇಳಿದ. ನಾನು ಕೊಡಲಿಲ್ಲ. ಒಂದೂವರೆ ವರ್ಷದ ನಂತರ ಸುಮಾರು 1,300 ಡಿವಿಡಿ ಮತ್ತು 480 ಪೆನ್‌ಡ್ರೈವ್ ಪೆಟ್ಟಿಗೆಗಳು ಮಾರಾಟವಾಗಿವೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಮಂಡ್ಯದ ಕಡೆಯ ಆಲೆಮನೆಯ ಹುಡುಗ, ತೂಕದ ಸೇತುವೆಯಲ್ಲಿ ಕಬ್ಬಿನ ಗಾಡಿಗಳ ಲೆಕ್ಕ ಬರೆಯುವ ಹುಡುಗಿ. ಇವನು ಜಲ್ಲೆಗಳ ನಡುವೆ ಚೀಟಿ ಸಿಕ್ಕಿಸಿ ಕಳಿಸುತ್ತಾನೆ, ಅವಳು ತೂಕದ ರಸೀದಿಯ ಹಿಂಬದಿಯಲ್ಲಿ ಉತ್ತರ ಬರೆಯುತ್ತಾಳೆ. ಮೊದಲ ಮುಕ್ಕಾಲು ಗಂಟೆ ಅವರಿಬ್ಬರೂ ಮುಖಾಮುಖಿಯಾಗುವುದಿಲ್ಲ. ಚಿತ್ರಮಂದಿರದಲ್ಲಿ ಇದಕ್ಕೆ ತಾಳ್ಮೆ ಸಿಗಲಿಲ್ಲ. ಮನೆಯಲ್ಲಿ ಕುಳಿತು ನೋಡುವವರಿಗೆ ಇಷ್ಟವಾಗುತ್ತದೆ ಎಂಬ ನಂಬಿಕೆ ನನಗೆ ಮೊದಲಿನಿಂದಲೂ ಇತ್ತು.

ಮೊದಲ ಕಂತು ಪೂರ್ತಿ ಹಾಳಾಯಿತು. 300 ಖಾಲಿ ಡಿಸ್ಕ್ ತಂದು ಮನೆಯಲ್ಲೇ ಬರೆದೆ. ಆತುರಕ್ಕೆ 16 ಪಟ್ಟು ವೇಗದಲ್ಲಿ ಬರೆದು ಮೇಲೆ ಕಾಗದದ ಅಂಟುಚೀಟಿ ಹಚ್ಚಿದೆ. ಚೀಟಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಡಿಸ್ಕ್ ತಿರುಗುವಾಗ ಓಲಾಡುತ್ತದೆ. ಹಳೆಯ ಪ್ಲೇಯರ್‌ಗಳಲ್ಲಿ ಅರ್ಧ ಸಿನಿಮಾಕ್ಕೇ ಚಿತ್ರ ನಿಂತುಬಿಡುತ್ತಿತ್ತು. ಉಳಿದವನ್ನಾದರೂ ಮಾರೋಣವೆಂದರೆ ಪೆಟ್ಟಿಗೆಯ ಮೇಲೆ ಸೆನ್ಸಾರ್ ಪ್ರಮಾಣಪತ್ರದ ಪ್ರತಿಯನ್ನೇ ಹಾಕಿರಲಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 52ಎ ಕಲಮಿನ ಪ್ರಕಾರ ಪ್ರಮಾಣಪತ್ರದ ಪ್ರತಿ, ಡಿವಿಡಿ ತಯಾರಿಸಿದವರ ಹೆಸರು ಮತ್ತು ವಿಳಾಸ, ಹಕ್ಕುದಾರರ ಹೆಸರು ಮತ್ತು ವಿಳಾಸ ಪರದೆಯಲ್ಲಿಯೂ ಇರಬೇಕು, ಹೊದಿಕೆಯ ಮೇಲೂ ಇರಬೇಕು. ಪರದೆಯಲ್ಲಿ ಹಾಕಿ ಹೊದಿಕೆಯಲ್ಲಿ ಮರೆತಿದ್ದೆ. ಹತ್ತು ಸಾವಿರಕ್ಕೂ ಹೆಚ್ಚು ಹಣ ಹೋಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಹಾಡುಗಳದ್ದು. ಬಿಡುಗಡೆಗೆ ಮುಂಚೆ ಒಂದು ಆಡಿಯೋ ಸಂಸ್ಥೆಗೆ ಹಾಡುಗಳನ್ನು ಕೊಟ್ಟಿದ್ದೆವು. ಡಿವಿಡಿಯಲ್ಲಿ ಅವೇ ಹಾಡುಗಳು ಇರಬೇಕಾದರೆ ಮತ್ತೆ ಹಣ ಕೊಡಬೇಕು ಎಂದು ಪತ್ರ ಬಂತು. ಒಪ್ಪಂದದ ಒಂದು ಸಾಲನ್ನು ನಾನು ಸರಿಯಾಗಿ ಓದಿರಲಿಲ್ಲ. ಮಾತುಕತೆಯಾಗಿ 45 ಸಾವಿರಕ್ಕೆ ನಿಂತಿತು. ಹಾಡುಗಳನ್ನು ಕೊಡುವಾಗ 'ಮನೆ ವೀಕ್ಷಣೆಯ ಪ್ರತಿಗಳಿಗೆ ನಿರ್ಮಾಪಕರಿಗೆ ಮುಕ್ತ ಅನುಮತಿ' ಎಂಬ ವಾಕ್ಯವನ್ನು ಬರೆಸಿಕೊಳ್ಳದೆ ಯಾರೂ ಸಹಿ ಹಾಕಬೇಡಿ.

ಈಗ ಪರದೆಯ ಮೇಲೆ ಕಾಣುವ ಚಿತ್ರದ ವಿಷಯ. ನಾವು ಸೆಕೆಂಡಿಗೆ 24 ಚೌಕಟ್ಟಿನಲ್ಲಿ (ಫ್ರೇಮ್) ಚಿತ್ರೀಕರಿಸಿದ್ದೆವು, ನಮ್ಮ ದೇಶದ ಟಿವಿಗಳ ಪ್ಯಾಲ್ ಪದ್ಧತಿಯ ಡಿವಿಡಿಗೆ 25 ಬೇಕು. ಅದನ್ನೇ 25ರ ವೇಗದಲ್ಲಿ ಓಡಿಸಿದಾಗ 2 ಗಂಟೆ 8 ನಿಮಿಷದ ಸಿನಿಮಾ 2 ಗಂಟೆ 3 ನಿಮಿಷಕ್ಕೆ ಇಳಿಯಿತು, ಜೊತೆಗೆ ನಾಯಕಿಯ ಧ್ವನಿ ತೆಳುವಾಯಿತು. ನಮ್ಮ ಹಿನ್ನೆಲೆ ಗಾಯಕಿ ಒಂದೇ ಚರಣ ಕೇಳಿ "ಶ್ರುತಿ ಏರಿದೆಯಲ್ಲ ಸರ್" ಎಂದರು. ವೇಗ ಹಾಗೇ ಬಿಟ್ಟು ಶ್ರುತಿಯನ್ನು ಮಾತ್ರ ಕೆಳಗಿಳಿಸಿದೆ.

4.7 ಜಿಬಿಯ ಡಿಸ್ಕಿನಲ್ಲಿ 5.1 (ಆರು ಸ್ಪೀಕರ್‌ಗಳ) ಧ್ವನಿಗೆ ಸೆಕೆಂಡಿಗೆ 448 ಕಿಲೋಬಿಟ್ ತೆಗೆದಿಟ್ಟರೆ ಚಿತ್ರಕ್ಕೆ ಸರಾಸರಿ ನಾಲ್ಕೂವರೆ ಮೆಗಾಬಿಟ್ ಉಳಿಯುತ್ತದೆ. ಮಾತಿನ ದೃಶ್ಯಗಳಿಗೆ ಅದು ಧಾರಾಳ. ಆದರೆ ನಮ್ಮದು ಆಲೆಮನೆ! ಕೊಪ್ಪರಿಗೆಯಿಂದ ಏಳುವ ಹಬೆ, ರಾತ್ರಿ, ಒಲೆಯ ಬೆಂಕಿಯೊಂದೇ ಬೆಳಕು. ಡಿವಿಡಿಗಾಗಿ ಚಿತ್ರವನ್ನು ಕುಗ್ಗಿಸುವ ಎಂಪೆಗ್-2 ವಿಧಾನಕ್ಕೆ ಹಬೆಯಂಥ ಶತ್ರು ಇನ್ನೊಂದಿಲ್ಲ. ಇಡೀ ಪರದೆ ಚೌಕ ಚೌಕವಾಗಿ ಒಡೆದು ಹೋಯಿತು. 8.5 ಜಿಬಿಯ ಎರಡು ಪದರದ ಡಿಸ್ಕಿಗೆ ಹೋಗಬಹುದಿತ್ತು, ಆದರೆ ಹಳೆಯ ಪ್ಲೇಯರ್‌ಗಳು ಪದರ ಬದಲಾಗುವಾಗ ಗಕ್ಕನೆ ನಿಲ್ಲುತ್ತವೆ, ಬೆಲೆಯೂ ಹೆಚ್ಚು. ಎರಡು ಸುತ್ತಿನ ಎನ್‌ಕೋಡಿಂಗ್ (ಮೊದಲ ಸುತ್ತಿನಲ್ಲಿ ಅಳೆದು, ಎರಡನೆಯದರಲ್ಲಿ ಕುಗ್ಗಿಸುವುದು) ಮಾಡಿ, ಹಗಲಿನ ದೃಶ್ಯಗಳಿಂದ ಉಳಿಸಿದ್ದನ್ನೆಲ್ಲ ಹಬೆಗೆ ಸುರಿದೆ. ಎನ್‌ಕೋಡಿಂಗ್‌ಗೆ ಮುಂಚೆ ಹಬೆಯಿರುವ ಹನ್ನೊಂದು ಶಾಟ್‌ಗಳಿಗೆ ಇನ್ನೊಂದು ಕೆಲಸ ಮಾಡಿದ್ದೇನೆ, ಅದು ನನ್ನ ಹತ್ತಿರವೇ ಇರಲಿ. ನನ್ನ ಡಿಸ್ಕಿನ ಹಬೆಯ ಪಕ್ಕದಲ್ಲಿ ನಿಲ್ಲುವಂಥದ್ದನ್ನು ಕನ್ನಡದ ಡಿವಿಡಿಗಳಲ್ಲಿ ನಾನಂತೂ ನೋಡಿಲ್ಲ.

ಧ್ವನಿಗೆ ನಾನು ಪಟ್ಟಷ್ಟು ಪಾಡು ಬೇರೆ ಯಾವುದಕ್ಕೂ ಪಟ್ಟಿಲ್ಲ. ಚಿತ್ರಮಂದಿರದ ಧ್ವನಿ ಮಿಶ್ರಣವನ್ನೇ ಡಿಸ್ಕಿಗೆ ಹಾಕಿ ಮೈಸೂರಿನ ಸರಸ್ವತಿಪುರಂನಲ್ಲಿರುವ ಅಮ್ಮನ ಮನೆಯಲ್ಲಿ ಹಚ್ಚಿದೆ. ಮೇಲೆ ಫ್ಯಾನ್, ಅಡುಗೆಮನೆಯಲ್ಲಿ ಕುಕ್ಕರ್. ನಾಯಕಿ ಪಿಸುಗುಟ್ಟುವ ಮಾತು ಒಂದೂ ಕೇಳಿಸಲಿಲ್ಲ, ಅಮ್ಮ ಧ್ವನಿ ಏರಿಸಿದರು. ಮರುಕ್ಷಣವೇ ತಮಟೆ ಬಂತು, ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಅಂದೇ 30 ಸಾವಿರ ಖರ್ಚಾದರೂ ಸರಿ ಎಂದು ಮಿಶ್ರಣವನ್ನು ಹೊಸದಾಗಿ ಮಾಡಲು ಕುಳಿತೆ. ದೊಡ್ಡ ಸದ್ದನ್ನು ತಗ್ಗಿಸಿ, ಪಿಸುಮಾತನ್ನು ಎತ್ತಿ, ಟಿವಿಯ ಎರಡು ಸಣ್ಣ ಸ್ಪೀಕರ್‌ಗಳಿಗೆಂದೇ ಬೇರೆ ಸ್ಟೀರಿಯೋ ಪಥ ಮಾಡಿದೆವು. ಪ್ರತಿ ಬದಲಾವಣೆಯಾದ ಮೇಲೂ ಅಮ್ಮನ ಮನೆಗೆ ಒಯ್ದು ಕುಕ್ಕರ್ ಕೂಗುವಾಗಲೇ ಕೇಳಿದೆ. ಆರನೆಯ ಸಲ ಅಮ್ಮ ರಿಮೋಟ್ ಮುಟ್ಟದೆ ಸಿನಿಮಾ ಮುಗಿಸಿದರು.

ಪೆನ್‌ಡ್ರೈವ್ ಸುಲಭವೆಂದುಕೊಂಡಿದ್ದೆ. ಬೆಂಗಳೂರಿನ ಒಂದು ಸಗಟು ಅಂಗಡಿಯಿಂದ ತಂದ 50ರಲ್ಲಿ 19 ನಕಲಿ. 8 ಜಿಬಿ ಎಂದು ತೋರಿಸಿ ಅರ್ಧ ಸಿನಿಮಾದ ನಂತರದ್ದನ್ನೆಲ್ಲ ನುಂಗಿಹಾಕುತ್ತಿದ್ದವು. ಈಗ ಪ್ರತಿಯೊಂದನ್ನೂ ಪೂರ್ತಿ ತುಂಬಿಸಿ ವಾಪಸ್ ಓದಿಸಿದ ಮೇಲೆಯೇ ಪೆಟ್ಟಿಗೆಗೆ ಹಾಕುತ್ತೇನೆ. ಪೆನ್‌ಡ್ರೈವಿನಲ್ಲಿ ಕಡತಗಳನ್ನು ಜೋಡಿಸಿಡುವ ಹೊಸ ಪದ್ಧತಿಯಾದ ಎಕ್ಸ್‌ಫ್ಯಾಟ್ ಅನ್ನು ಹಳೆಯ ಟಿವಿಗಳು ಓದುವುದಿಲ್ಲ, ಹಳೆಯ ಪದ್ಧತಿಯಾದ ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ದಾಟುವಂತಿಲ್ಲ. ಹಾಗಾಗಿ 3.7 ಜಿಬಿಗೆ ಕಟ್ಟಿದೆ. ಹೆಚ್ಚಿನ ಟಿವಿಗಳು ಓದುವ ಎಚ್.264 ರೂಪದ ಚಿತ್ರ, ಎಎಸಿ ರೂಪದ ಧ್ವನಿ. ಕುವೆಂಪುನಗರದಿಂದ ಮದ್ದೂರಿನವರೆಗೆ ಹದಿನಾಲ್ಕು ಮನೆಗಳ ಟಿವಿಗಳಲ್ಲಿ ಪರೀಕ್ಷಿಸಿದ್ದೇನೆ. ಕಿವಿ ಮಂದವಾದ ಹಿರಿಯರಿಗೆಂದು ಕನ್ನಡದ ಅಡಿಬರಹ ಹಾಕಿದ್ದೆ. ಡಿವಿಡಿಯಲ್ಲಿ ಅಡಿಬರಹ ಚಿತ್ರರೂಪದಲ್ಲಿರುವುದರಿಂದ ಅಕ್ಷರ ಕೆಡಲಿಲ್ಲ. ಪೆನ್‌ಡ್ರೈವಿನಲ್ಲಿ ಅಡಿಬರಹವನ್ನು ಬರಿಯ ಅಕ್ಷರಗಳಾಗಿ ಇಡುವ ಎಸ್‌ಆರ್‌ಟಿ ಕಡತದಲ್ಲಿ ಮಾತ್ರ ಎಷ್ಟೋ ಟಿವಿಗಳು ಒತ್ತಕ್ಷರವನ್ನು ಬಿಡಿಸಿ ಬಿಸಾಡಿದವು. 'ಅಕ್ಕ' ಎಂಬುದು 'ಅಕ್‌ಕ' ಆಯಿತು. ಕೊನೆಗೆ ಅಡಿಬರಹವನ್ನು ಚಿತ್ರದೊಳಗೇ ಅಚ್ಚು ಮಾಡಿ ಎರಡನೆಯ ಕಡತವಾಗಿ ಇಟ್ಟೆ. ಅದಕ್ಕಾಗಿ 16 ಜಿಬಿಗೆ ಏರಬೇಕಾಯಿತು, ಒಂದಕ್ಕೆ ಸುಮಾರು 210 ರೂಪಾಯಿ ಬಿತ್ತು.

ಮಾರಾಟದ ದಾರಿ ತೋರಿಸಿದ್ದು ಮಂಡ್ಯದ ಒಂದು ಮದುವೆ. ಊಟ ಮುಗಿಸಿ ತಾಂಬೂಲದ ಚೀಲ ಹಿಡಿದು ಬರುವಾಗ, ತೆಂಗಿನಕಾಯಿಯ ಜೊತೆ ಒಂದು ಪ್ರೇಮಕಥೆಯೂ ಇದ್ದರೆ ಹೇಗೆ ಎನ್ನಿಸಿತು. ಪರಿಚಯದ ಮನೆಯೊಂದಕ್ಕೆ 150 ಡಿವಿಡಿ ಕೊಟ್ಟೆ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗಳ ಮೇಲೆ ತೆಂಗಿನಕಾಯಿ ಕುಳಿತು ಮೂವತ್ತಕ್ಕೂ ಹೆಚ್ಚು ಬಿರುಕು ಬಿಟ್ಟವು. ದಪ್ಪ ರಟ್ಟಿನ ಹೊದಿಕೆಗೆ ಬದಲಾಯಿಸಿದೆ. ಅದರ ಮೇಲೆ ವಧೂವರರ ಹೆಸರು ಅಚ್ಚು ಹಾಕಿಸಲು ಜಾಗವೂ ಸಿಕ್ಕಿತು, ಬೇಡಿಕೆ ಅಲ್ಲಿಂದಲೇ ಏರಿತು. ಒಂದಕ್ಕೆ 90 ರೂಪಾಯಿ. ಈ ಸಲ ಕಾರ್ಖಾನೆಯಲ್ಲಿ ಒತ್ತಿಸಿದ ಡಿಸ್ಕ್‌ಗಳು, 2,000 ತೆಗೆದುಕೊಂಡಿದ್ದಕ್ಕೆ ಹೊದಿಕೆ ಸೇರಿ 38ರ ಆಸುಪಾಸು ಬಿದ್ದಿತ್ತು. ಪ್ಲೇಯರ್ ಇಲ್ಲದ ಮನೆಯವರು ಹೊದಿಕೆಯ ಮೇಲಿನ ಸಂಖ್ಯೆಗೆ ಕರೆ ಮಾಡಿ 499ರ ಪೆನ್‌ಡ್ರೈವ್ ಪೆಟ್ಟಿಗೆ ತರಿಸಿಕೊಳ್ಳುತ್ತಾರೆ. ಲಾಭವಿರುವುದು ಅಲ್ಲಿಯೇ. ಮದುವೆಯ ಮನೆಗಳು ನನಗೆ ಯಾರ ಮೂಲಕ ಸಿಗುತ್ತವೆ ಎಂಬುದನ್ನು ಮಾತ್ರ ಕೇಳಬೇಡಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಚಿತ್ರದ ಧ್ವನಿಯನ್ನಷ್ಟೇ ಒಂದೂಕಾಲು ಗಂಟೆಗೆ ಕತ್ತರಿಸಿ, ಹಿಂದೆ ಸಿನಿಮಾ ಸಂಭಾಷಣೆಯ ಕ್ಯಾಸೆಟ್ ಬರುತ್ತಿತ್ತಲ್ಲ, ಹಾಗೆ ಮೆಮೊರಿ ಕಾರ್ಡಿಗೆ ಹಾಕಿ ಕಬ್ಬಿನ ಟ್ರಾಕ್ಟರ್ ಚಾಲಕರಿಗೆ ಕೊಟ್ಟೆ. ಎಂಬತ್ತರಷ್ಟು ಹೋದವು. ನೋಡದೆ ಕೇಳಿದವರಿಗೆ ಚೀಟಿಯ ದೃಶ್ಯಗಳು ಅರ್ಥವಾಗಲಿಲ್ಲ. ಅಲ್ಲಲ್ಲಿ ಕಥೆ ಹೇಳುವ ಧ್ವನಿಯೊಂದನ್ನು ಸೇರಿಸಿ ಮುಂದಿನ ಕಬ್ಬಿನ ಹಂಗಾಮಿಗೆ ಮತ್ತೆ ಕೊಡುತ್ತೇನೆ.

ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ಹಾಳಾದದ್ದು, ಹಾಡು, ಧ್ವನಿ, ಡಿಸ್ಕ್, ಪೆನ್‌ಡ್ರೈವ್, ಅಂಚೆ ಎಲ್ಲ ಸೇರಿ ಮೂರು ಲಕ್ಷದ ಹತ್ತಿರ ಹೋಗಿದೆ, ಮೂರೂವರೆ ಲಕ್ಷ ದಾಟಿ ಬಂದಿದೆ. ಹಕ್ಕುಗಳೆಲ್ಲ ನನ್ನ ಹತ್ತಿರವೇ ಇವೆ, ಸುಮಾರು 650 ಡಿಸ್ಕ್‌ಗಳೂ ಇವೆ. ಆಷಾಢ ಕಳೆದು ಮದುವೆಗಳು ಶುರುವಾಗುವ ಹೊತ್ತಿಗೆ ರಟ್ಟಿನ ಹೊದಿಕೆ ಇನ್ನೂ 500 ಬೇಕಾಗುತ್ತದೆ. ನಾಳೆ ಮುದ್ರಣಾಲಯಕ್ಕೆ ಮುಂಗಡ ಕೊಟ್ಟು ಬರುತ್ತೇನೆ.